ಹೊಗೆ ಕಾಣದ ಚಿಮಣಿಯ ಲೆಕ್ಕ

ಕಳೆದ ಟರ್ಮಿನಲ್ಲಿ ನಮ್ಮ ಸಾಹಿತ್ಯ ಮಂಡಳದವರು ಶಿವರಾಮ ಕಾರಂತರ ಬಗ್ಗೆ ಇಟ್ಟುಕೊಂಡಿದ್ದ ಚರ್ಚಾಕೂಟಕ್ಕೆ ನಿಮ್ಮಲ್ಲಿ ಅನೇಕರು ಬಂದಿದ್ದಿರಿ. ಕಾದಂಬರಿಗಳ ಮಾತು ಮುಗಿದ ಮೇಲೆ ಕೈಗಾ ವಿಷಯ ಬಂತು. 1989ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ಕಾರಂತರು ಕೈಗಾ ಅಣುಸ್ಥಾವರದ ವಿರೋಧವನ್ನೇ ಮುಂದಿಟ್ಟುಕೊಂಡು ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತು ಸೋತದ್ದನ್ನು ಒಬ್ಬರು ಹೇಳಿದರು. ನಾನು ಕಾರವಾರದ ಕಡೆಯವನು. ಹತ್ತನೇ ಇಯತ್ತೆವರೆಗೆ ಅಲ್ಲಿಯ ಕನ್ನಡ ಶಾಲೆಯಲ್ಲಿ ಓದಿ ಆಮೇಲೆ ಮುಂಬಯಿಗೆ ಬಂದವನು. ಅಜ್ಜಿಮನೆ ಇರುವುದು ಕದ್ರಾ ದಾರಿಯಲ್ಲಿ, ಕೈಗಾಕ್ಕೆ ದೂರವೇನಲ್ಲ. ಹಾಗಾಗಿ ನನಗೆ ಗೊತ್ತಿರುವ ವಿಷಯ ಎಂಬ ಧೈರ್ಯದ ಮೇಲೆ ಎದ್ದು ನಿಂತು, "ಅದೆಲ್ಲ ಹಳೇ ಭಯ, ಈಗ ಅಲ್ಲಿ ಬಿಡೋ ಗಾಳಿ ಮಿತಿಯೊಳಗೇ ಇದೆ" ಅಂದುಬಿಟ್ಟೆ.

ಅಧ್ಯಕ್ಷತೆ ವಹಿಸಿದ್ದ ನಮ್ಮ ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. "ಯಾವ ಮಿತಿ? ಅಳೆದವರು ಯಾರು? ಎಲ್ಲಿ ನಿಂತು ಅಳೆದರು? ನೀನು ಕಾಮರ್ಸ್ ಹುಡುಗ ಅಲ್ವೇನಯ್ಯ, ಲೆಕ್ಕ ನೋಡದೆ ಸಹಿ ಹಾಕ್ತೀಯಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಲೇಖನ ಆ ಉತ್ತರ ಹುಡುಕಿದ ಕತೆ. ಭೌತಶಾಸ್ತ್ರವನ್ನು ಹತ್ತಕ್ಕೇ ಬಿಟ್ಟ ನನಗೆ ಸೈನ್ಸ್ ಕಡೆಯ ಗೆಳೆಯನೊಬ್ಬ ಬಹಳ ಸಹಾಯ ಮಾಡಿದ. ಓದುತ್ತಾ ಹೋದ ಹಾಗೆ ನನಗೆ ಆಶ್ಚರ್ಯವಾದದ್ದು ಏನೆಂದರೆ, ಈ ವಿಷಯದಲ್ಲಿ ಅರ್ಧಕ್ಕರ್ಧ ನಮ್ಮ ಆಡಿಟಿಂಗ್ ಪೇಪರಿನದೇ ಪಾಠ.

ಮೊದಲು ಚಿಮಣಿ. ನಮ್ಮೂರ ಕಡೆ ಚಿಮಣಿ ಅಂದರೆ ಸೀಮೆಎಣ್ಣೆ ಬುಡ್ಡಿದೀಪ. ಇಲ್ಲಿ ಹೇಳುತ್ತಿರುವುದು ಕಾರ್ಖಾನೆಯ ಎತ್ತರದ ಕೊಳವೆಯ ಬಗ್ಗೆ. ಚೆಂಬೂರಿನಲ್ಲಿರುವವರಿಗೆ ಮಾಹುಲ್ ಕಡೆಯ ಚಿಮಣಿಗಳು ದಿನಾ ಕಣ್ಣಿಗೆ ಬೀಳುತ್ತವೆ. ಹೊಗೆಯ ಬಣ್ಣ ನೋಡಿ, ವಾಸನೆ ಹಿಡಿದು, ನಾವೇ ಬೈಯುತ್ತೇವೆ. ಅಣುಸ್ಥಾವರದ ಚಿಮಣಿಯಲ್ಲಿ ಹಾಗೆ ಬೈಯಲು ಏನೂ ಕಾಣುವುದಿಲ್ಲ. ಅಲ್ಲಿ ಬೆಂಕಿ ಉರಿಯುವುದಿಲ್ಲ, ಮಸಿ ಇಲ್ಲ. ಕಟ್ಟಡದ ಒಳಗಿನ ಗಾಳಿ ಬಾಗಿಲು ಕಿಟಕಿಯಿಂದ ಎಲ್ಲೆಂದರಲ್ಲಿ ಹೊರಹೋಗಬಾರದು ಎಂದು ದೊಡ್ಡ ಫ್ಯಾನುಗಳಿಂದ ಅದನ್ನು ಎಳೆದು, ಫಿಲ್ಟರುಗಳ ಮೂಲಕ ಹಾಯಿಸಿ, ಒಂದೇ ದಾರಿಯಿಂದ ಮೇಲೆ ಬಿಡುತ್ತಾರೆ. ಆ ದಾರಿಯೇ ಚಿಮಣಿ. ಅಂದರೆ ಅದು ಕಟ್ಟಡದ ಉಸಿರು ಹೋಗುವ ಮೂಗು ಇದ್ದಂತೆ. ಲೆಕ್ಕ ಇಡುವವನಿಗೆ ಇದೇ ಅನುಕೂಲ: ಮಾಲು ಹೊರಹೋಗಲು ಒಂದೇ ಗೇಟು ಇದ್ದರೆ ಗೇಟಿನಲ್ಲಿ ಒಬ್ಬ ಗುಮಾಸ್ತನನ್ನು ಕೂರಿಸಿದರೆ ಸಾಕು.

ಫಿಲ್ಟರುಗಳ ಬಗ್ಗೆ ಹೇಳುವುದಾದರೆ, ಹೆಪಾ ಎಂಬ ಜಾತಿಯ ಫಿಲ್ಟರು ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಚಿಕ್ಕದಾದ, 0.3 ಮೈಕ್ರೋಮೀಟರ್ ಗಾತ್ರದ ಕಣಗಳಲ್ಲಿ 99.97 ಶೇಕಡಾವನ್ನು ಹಿಡಿದುಬಿಡುತ್ತದೆ. ಪ್ಲುಟೋನಿಯಮ್, ಯುರೇನಿಯಮ್ ಇವೆಲ್ಲ ಧೂಳಿನ ಕಣವಾಗಿ ಹೋಗುವಂಥವು, ಬಹುಪಾಲು ಅಲ್ಲೇ ನಿಲ್ಲುತ್ತವೆ. ಆದರೆ ಅನಿಲಗಳಿಗೆ ಈ ಜರಡಿ ಲೆಕ್ಕಕ್ಕಿಲ್ಲ. ಆರ್ಗಾನ್-41 ಹೋಗುತ್ತದೆ, ಅದರ ಅರ್ಧಾಯುಷ್ಯ ಎರಡು ಗಂಟೆಗೂ ಕಡಿಮೆ. ನೀರಿನ ಆವಿಯೊಳಗೆ ಸೇರಿಕೊಂಡ ಟ್ರಿಟಿಯಮ್ ಹೋಗುತ್ತದೆ, ಅದರ ಅರ್ಧಾಯುಷ್ಯ ಹನ್ನೆರಡು ವರ್ಷದ ಮೇಲೆ. ಅಯೋಡಿನ್ ಹಿಡಿಯಲು ಬೇರೆ ಇದ್ದಿಲಿನ ಪುಡಿ ಬೇಕು. ಅರ್ಧಾಯುಷ್ಯ ಅಂದರೆ ಇದ್ದ ವಿಕಿರಣ ಅರ್ಧಕ್ಕೆ ಇಳಿಯಲು ಬೇಕಾದ ಕಾಲ. ನಮ್ಮ ಸವಕಳಿ ಲೆಕ್ಕದಲ್ಲಿ ಇಳಿಕೆ ಬಾಕಿ ಪದ್ಧತಿ ಇದೆಯಲ್ಲ, ಥೇಟ್ ಅದೇ, ದರ ಮಾತ್ರ ಪ್ರಕೃತಿ ಇಟ್ಟದ್ದು.

ಈಗ ಮಿತಿಯ ಮಾತು. ನಾನು ಅಮೇರಿಕದ ನಿಯಮವನ್ನು ಓದಿದೆ. ಕೈಗಾ ಬಿಟ್ಟು ಅಲ್ಲಿಗೆ ಯಾಕೆ ಹೋದೆ ಎಂದು ಕೇಳಬಹುದು. ಅಲ್ಲಿ ನಿಯಮ, ಅಳೆಯುವ ವಿಧಾನ, ವರ್ಷದ ವರದಿ ಎಲ್ಲ ಅಚ್ಚಾಗಿ ಸಿಗುತ್ತವೆ, ಜೊತೆಗೆ ಆ ನಿಯಮದ ಮೇಲೆ ಕೋರ್ಟಿನಲ್ಲಿ ಜಗಳ ಆಗಿದೆ. ಜಗಳ ಆದ ಲೆಕ್ಕವನ್ನು ಓದಿದರೆ ಬೇಗ ತಿಳಿಯುತ್ತದೆ.

ಆ ದೇಶಕ್ಕೆ ಇಂಥ ನಿಯಮ ಯಾಕೆ ಬೇಕಾಯಿತು ಎಂಬುದಕ್ಕೆ ಒಂದೇ ಘಟನೆ ಹೇಳುತ್ತೇನೆ. ವಾಷಿಂಗ್ಟನ್ ರಾಜ್ಯದಲ್ಲಿ ಕೊಲಂಬಿಯಾ ನದಿಯ ದಂಡೆಗೆ ಹ್ಯಾನ್‌ಫರ್ಡ್ ಎಂಬ ಜಾಗ. ಬಾಂಬಿಗೆ ಬೇಕಾದ ಪ್ಲುಟೋನಿಯಮ್ ತಯಾರಾಗುತ್ತಿದ್ದದ್ದು ಅಲ್ಲಿ. ರಿಯಾಕ್ಟರಿನಿಂದ ತೆಗೆದ ಇಂಧನವನ್ನು ಆಸಿಡ್ಡಿನಲ್ಲಿ ಕರಗಿಸುವ ಮೊದಲು ಸುಮಾರು ಮೂರು ತಿಂಗಳು ಹಾಗೇ ಇಡುತ್ತಿದ್ದರು, ಅಯೋಡಿನ್-131 ತಾನಾಗಿ ಕರಗಿಹೋಗಲಿ ಎಂದು. ಅದರ ಅರ್ಧಾಯುಷ್ಯ 8 ದಿನ. 1949ರ ಡಿಸೆಂಬರ್ 2ರ ರಾತ್ರಿ ಕೇವಲ 16 ದಿನ ಇಟ್ಟ ಹಸಿ ಇಂಧನವನ್ನು ಬೇಕೆಂದೇ ಕರಗಿಸಿದರು. 16 ದಿನ ಅಂದರೆ ಎರಡು ಅರ್ಧಾಯುಷ್ಯ, ನಾಲ್ಕರಲ್ಲೊಂದು ಭಾಗ ಇನ್ನೂ ಉಳಿದಿತ್ತು. ಅನಿಲ ಶುದ್ಧಿ ಮಾಡುವ ಸಾಧನಗಳನ್ನೂ ಆ ಹೊತ್ತಿಗೆ ಬಳಸಲಿಲ್ಲ. ರಷ್ಯಾದವರು ಇಂಥದೇ ಕೆಲಸ ಮಾಡುತ್ತಿದ್ದರೆ ದೂರದಿಂದ ಪತ್ತೆ ಹಚ್ಚಬಹುದೇ ಎಂದು ಉಪಕರಣಗಳನ್ನು ಪರೀಕ್ಷಿಸುವುದು ಉದ್ದೇಶ. ಸುಮಾರು 8,000 ಕ್ಯೂರಿ ಅಯೋಡಿನ್ ಚಿಮಣಿಯಿಂದ ಹೊರಬಿತ್ತು. ಗಾಳಿ ಅಂದುಕೊಂಡ ಹಾಗೆ ಬೀಸಲಿಲ್ಲ. ಅಯೋಡಿನ್ ಹುಲ್ಲಿನ ಮೇಲೆ ಬೀಳುತ್ತದೆ, ಹುಲ್ಲಿನಿಂದ ಹಸು, ಹಸುವಿನಿಂದ ಹಾಲು, ಹಾಲಿನಿಂದ ಮಕ್ಕಳ ಗಂಟಲಿನ ಥೈರಾಯ್ಡ್ ಗ್ರಂಥಿ. ಸುತ್ತಲಿನ ರೈತರಿಗೆ ಒಂದು ಮಾತೂ ಹೇಳಲಿಲ್ಲ. 1986ರಲ್ಲಿ ಹಳೇ ಕಡತಗಳು ಹೊರಬರುವವರೆಗೆ, ಅಂದರೆ ಮೂವತ್ತಾರು ವರ್ಷ, ಸಾರ್ವಜನಿಕರಿಗೆ ಇದು ಗೊತ್ತೇ ಇರಲಿಲ್ಲ. "ಗ್ರೀನ್ ರನ್" ಅಂತ ಇದಕ್ಕೆ ಹೆಸರು. ಹಸಿರು ಅಂದರೆ ಹಸಿ ಇಂಧನ ಎಂಬ ಅರ್ಥದಲ್ಲಿ.

ಇಲ್ಲಿ ಒಂದು ಮಾತು ಗಮನಿಸಿ. ಆ 8,000 ಕೂಡ ಅಂದಾಜು. ಜಾಗದ ಎಲ್ಲಾ ಯಂತ್ರಗಳೂ, ಎಲ್ಲಾ ವಿಜ್ಞಾನಿಗಳೂ ಅಲ್ಲೇ ಇದ್ದು, ಅಳೆಯಬೇಕು ಎಂದೇ ಮಾಡಿದ ಪ್ರಯೋಗದ ಲೆಕ್ಕವೇ ಹೀಗೆ.

ಅಮೇರಿಕದ ಶುದ್ಧ ಗಾಳಿ ಕಾಯಿದೆ 1970ರದು. ಅದರ ಕೆಳಗೆ ವಿಕಿರಣಶೀಲ ವಸ್ತುಗಳನ್ನು ಅಪಾಯಕಾರಿ ವಾಯುಮಾಲಿನ್ಯದ ಪಟ್ಟಿಗೆ ಸೇರಿಸಿದ್ದು 1979ರಲ್ಲಿ. ಇಂಧನ ಇಲಾಖೆಯ ಸಂಸ್ಥೆಗಳಿಗೆ, ಎಂದರೆ ಹ್ಯಾನ್‌ಫರ್ಡ್, ಲಾಸ್ ಅಲಮೋಸ್ ಇಂಥವಕ್ಕೆ, ಪರಿಸರ ಸಂರಕ್ಷಣಾ ಏಜೆನ್ಸಿ ಕಡೆಗೂ ಖಚಿತ ಮಿತಿ ಹಾಕಿದ್ದು 1989ರ ಡಿಸೆಂಬರಿನಲ್ಲಿ. ನಿಯಮದ ಸಾರ ಇಷ್ಟು: ಆ ಸಂಸ್ಥೆ ಗಾಳಿಗೆ ಬಿಟ್ಟದ್ದರಿಂದ ಹೊರಗಿನ ಯಾವೊಬ್ಬ ವ್ಯಕ್ತಿಗೂ ಒಂದು ವರ್ಷದಲ್ಲಿ 10 ಮಿಲಿರೆಮ್‌ಗಿಂತ ಹೆಚ್ಚು ವಿಕಿರಣ ತಗಲಬಾರದು. ನಮ್ಮಲ್ಲಿ ಬಳಸುವ ಅಳತೆಯಲ್ಲಿ ಹೇಳಿದರೆ 0.1 ಮಿಲಿಸೀವರ್ಟ್. ಹೋಲಿಕೆಗೆ, ನೆಲ, ಆಕಾಶ, ಮನೆಗೋಡೆ, ತಿನ್ನುವ ಅನ್ನ ಇವುಗಳಿಂದ ತಾನಾಗಿಯೇ ಮನುಷ್ಯನಿಗೆ ತಗಲುವ ವಿಕಿರಣ ಲೋಕದ ಸರಾಸರಿಯಲ್ಲಿ ವರ್ಷಕ್ಕೆ 2.4 ಮಿಲಿಸೀವರ್ಟ್. ಅಂದರೆ ಮಿತಿಯ ಇಪ್ಪತ್ನಾಲ್ಕು ಪಟ್ಟು.

ಇದನ್ನು ಓದಿದಾಗ ಮೊದಲು ನನಗೆ ಸಮಾಧಾನವಾಯಿತು, ಆಮೇಲೆ ತಲೆನೋವು ಶುರುವಾಯಿತು. ಯಾಕೆಂದರೆ ಮಿತಿ ಅಷ್ಟು ಚಿಕ್ಕದಾದರೆ ಅದನ್ನು ಮನುಷ್ಯನ ಹತ್ತಿರ ನಿಂತು ಅಳೆಯುವುದು ಹೇಗೆ? ಒಂದು ಮನೆಯಿಂದ ಇನ್ನೊಂದು ಮನೆಗೆ, ಒಂದು ಊರಿಂದ ಇನ್ನೊಂದು ಊರಿಗೆ ನೈಸರ್ಗಿಕ ವಿಕಿರಣವೇ ಅದಕ್ಕಿಂತ ಹೆಚ್ಚು ಏರುಪೇರಾಗುತ್ತದೆ. ಕದ್ರಾದ ನಮ್ಮ ಅಜ್ಜಿಯ ಸೊಂಟಕ್ಕೆ ಮೀಟರು ಕಟ್ಟಿದರೂ ಬಂದದ್ದರಲ್ಲಿ ಕೈಗಾದ ಪಾಲು ಎಷ್ಟು, ಕರಿಕಲ್ಲಿನ ಮೆಟ್ಟಿಲಿನ ಪಾಲು ಎಷ್ಟು ಎಂದು ಬಿಡಿಸಿ ಹೇಳಲಾಗದು. ಆದ್ದರಿಂದ ಲೆಕ್ಕ ಹಿಂದಿನಿಂದ ಶುರುವಾಗುತ್ತದೆ. ಚಿಮಣಿಯಲ್ಲಿ ಎಷ್ಟು ಹೋಯಿತು ಎಂದು ಅಳೆದು, ಗಾಳಿ ಅದನ್ನು ಎಲ್ಲಿಗೆ ಒಯ್ದಿತು ಎಂದು ಗಣಿಸಿ, ಅಲ್ಲಿರುವ ವ್ಯಕ್ತಿ ಎಷ್ಟು ಉಸಿರಾಡಿದ, ಏನು ತಿಂದ ಎಂದು ಊಹಿಸಿ, ಕೊನೆಗೆ ಒಂದು ಸಂಖ್ಯೆ ಬರೆಯುತ್ತಾರೆ. "ಮಿತಿಯೊಳಗಿದೆ" ಎಂದು ನಾನು ಅಷ್ಟು ಗಟ್ಟಿಯಾಗಿ ಹೇಳಿದ ಸಂಖ್ಯೆ ಹೀಗೆ ಕಾಗದದ ಮೇಲೆ ಹುಟ್ಟಿದ್ದು. ಅದು ನಿಂತಿರುವುದು ಮೊದಲನೇ ಅಳತೆಯ ಮೇಲೆ, ಚಿಮಣಿಯೊಳಗಿನ ಒಂದು ಸಣ್ಣ ಕೊಳವೆಯ ಮೇಲೆ.

ಆ ಕೊಳವೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನಾನು ಮಧ್ಯಾಹ್ನದ ಮೇಲೆ ಒಬ್ಬ ಆಡಿಟರ ಆಫೀಸಿನಲ್ಲಿ ಕೆಲಸ ಕಲಿಯುತ್ತಿದ್ದೇನೆ. ಒಮ್ಮೆ ಅಕ್ಕಿ ಗೋಡೌನಿನ ಸ್ಟಾಕ್ ನೋಡಲು ಕಳಿಸಿದ್ದರು. ಅಲ್ಲಿಯವರು ಮೂಟೆಗೆ ಚೂಪು ಕೊಳವೆ ಚುಚ್ಚಿ ಒಂದು ಹಿಡಿ ಕಾಳು ತೆಗೆದು ಅಂಗೈಯಲ್ಲಿಟ್ಟು ತೋರಿಸುತ್ತಿದ್ದರು. ನಮ್ಮ ಸಾಹೇಬರು, "ಇವರು ಚುಚ್ಚಿದ ಕಡೆ ನೋಡಬೇಡ, ನೀನು ಹೇಳಿದ ಕಡೆ ಚುಚ್ಚಿಸು, ತಳಕ್ಕೂ ಚುಚ್ಚಿಸು" ಅಂದಿದ್ದರು. ನುಚ್ಚು, ಧೂಳು ಮೂಟೆಯ ತಳಕ್ಕೆ ಇಳಿದಿರುತ್ತದೆ. ಮೇಲಿನ ಹಿಡಿ ಯಾವಾಗಲೂ ಚೆನ್ನಾಗಿರುತ್ತದೆ.

ಚಿಮಣಿಯೂ ಅಂಥದೇ ಮೂಟೆ. ಒಂದು ಕಲ್ಪಿತ ಚಿಮಣಿ ತೆಗೆದುಕೊಳ್ಳಿ. ಅದರಲ್ಲಿ ಸೆಕೆಂಡಿಗೆ 20 ಘನಮೀಟರ್ ಗಾಳಿ ಹೋಗುತ್ತಿದೆ ಎನ್ನಿ. ನಿಮಿಷಕ್ಕೆ 12 ಲಕ್ಷ ಲೀಟರ್ ಆಯಿತು. ಸ್ಯಾಂಪಲ್ ಕೊಳವೆ ಎಳೆಯುವುದು ನಿಮಿಷಕ್ಕೆ 60 ಲೀಟರ್ ಎಂದಿಟ್ಟುಕೊಳ್ಳಿ. ಅಂದರೆ 20,000ದಲ್ಲಿ ಒಂದು ಪಾಲು. ಆ ಪಾಲು ಒಂದು ಸಣ್ಣ ಫಿಲ್ಟರ್ ಕಾಗದದ ಮೂಲಕ ಹಾಯುತ್ತದೆ. ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ ಕಾಗದ ಬಿಚ್ಚಿ ಅದರ ವಿಕಿರಣ ಎಣಿಸಿ 20,000ದಿಂದ ಗುಣಿಸುತ್ತಾರೆ. ಕಾಗದದ ಮೇಲೆ ಒಂದು ರೂಪಾಯಿ ತಪ್ಪಿದರೆ ಖಾತೆಯಲ್ಲಿ ಇಪ್ಪತ್ತು ಸಾವಿರ ತಪ್ಪು.

ತಪ್ಪುವುದು ಎಲ್ಲೆಲ್ಲಿ? ಮೊದಲನೆಯದಾಗಿ, ಕೊಳವೆಯ ಬಾಯಿ ಇರುವ ಜಾಗದಲ್ಲಿ ಗಾಳಿ ಸರಿಯಾಗಿ ಬೆರೆತಿರಬೇಕು. ಫ್ಯಾನು ದಾಟಿ, ತಿರುವು ದಾಟಿ ಬಂದ ಗಾಳಿ ಒಂದು ಗೋಡೆಗೆ ಒತ್ತಿಕೊಂಡು ಹೋಗುತ್ತಿರಬಹುದು. ಎರಡನೆಯದು, ಎಳೆಯುವ ವೇಗ. ಇದು ನನಗೆ ಅರ್ಥವಾದದ್ದು ದಾದರ್ ಸ್ಟೇಶನ್ನಿನ ಸೇತುವೆಯ ಮೇಲೆ. ಎಲ್ಲರೂ ಒಂದೇ ದಿಕ್ಕಿಗೆ ನುಗ್ಗುತ್ತಿರುತ್ತಾರೆ, ಮಧ್ಯದಲ್ಲಿ ಒಂದು ಇಕ್ಕಟ್ಟು ಮೆಟ್ಟಿಲು ಪಕ್ಕಕ್ಕೆ ತಿರುಗುತ್ತದೆ. ಬರಿಗೈಯವರು ಸಲೀಸಾಗಿ ತಿರುಗುತ್ತಾರೆ. ತಲೆಮೇಲೆ ಗಂಟು ಹೊತ್ತವನು ತಿರುಗಲಾರದೆ ತನ್ನ ಜೋರಿನಲ್ಲಿ ನೆಟ್ಟಗೆ ಹೋಗಿಬಿಡುತ್ತಾನೆ. ಗಾಳಿಯಲ್ಲಿ ಭಾರದ ಕಣ ಈ ಗಂಟಿನವನು. ಕೊಳವೆ ಚಿಮಣಿಯ ಗಾಳಿಗಿಂತ ಜೋರಾಗಿ ಎಳೆದರೆ ಸುತ್ತಲಿನ ಗಾಳಿ ಒಳಗೆ ತಿರುಗುತ್ತದೆ, ಭಾರದ ಕಣಗಳು ತಿರುಗದೆ ಹಾದುಹೋಗುತ್ತವೆ, ಲೆಕ್ಕ ಕಡಿಮೆ ಬರುತ್ತದೆ. ನಿಧಾನವಾಗಿ ಎಳೆದರೆ ಉಲ್ಟಾ, ಭಾರದವು ಮಾತ್ರ ಹೆಚ್ಚು ಬಂದು ಬೀಳುತ್ತವೆ. ಮೂರನೆಯದು, ಬಾಯಿಯಿಂದ ಫಿಲ್ಟರ್ ಕಾಗದದವರೆಗಿನ ದಾರಿ. ಉದ್ದದ ಪೈಪು, ನಾಲ್ಕು ಬಗ್ಗು, ಎಲ್ಲಾ ಬಗ್ಗಿನಲ್ಲೂ ಒಂದಷ್ಟು ಕಣ ಗೋಡೆಗೆ ಅಂಟಿಕೊಳ್ಳುತ್ತದೆ. ಕಾಗದದವರೆಗೆ ಬಂದದ್ದನ್ನು ಮಾತ್ರ ಎಣಿಸಿದರೆ, ದಾರಿಯಲ್ಲಿ ಕಳೆದುಹೋದದ್ದು ಬಿಡುಗಡೆ ಆಗಲೇ ಇಲ್ಲ ಎಂದ ಹಾಗಾಯಿತು.

1969ರಲ್ಲಿ ಅಮೇರಿಕದಲ್ಲಿ ಬಂದ ಮಾನದಂಡ, ಚಿಮಣಿಯ ಅಡ್ಡಕ್ಕೆ ಬಾಚಣಿಗೆಯ ಹಾಗೆ ಹಲವು ಬಾಯಿಗಳ ಕೊಳವೆ ಇಟ್ಟು, ವೇಗ ಸರಿಹೊಂದಿಸಿ ಎಳೆಯಿರಿ ಎನ್ನುತ್ತಿತ್ತು. ಬಾಯಿ ಹೆಚ್ಚಾದಷ್ಟೂ ಚಿಕ್ಕದಾಗುತ್ತದೆ, ಚಿಕ್ಕದಾದಷ್ಟೂ ಕಣ ಅಂಟುವುದು ಹೆಚ್ಚು. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಇದನ್ನು ಅಭ್ಯಾಸ ಮಾಡಿದವರು ಸುತ್ತಲೂ ಒಂದು ಹೊದಿಕೆ ಇರುವ ಒಂದೇ ಬಾಯಿಯ ಕೊಳವೆ ರೂಪಿಸಿದರು. ಹೊದಿಕೆ ಗಾಳಿಯನ್ನು ನಿಧಾನ ಮಾಡುವುದರಿಂದ ವೇಗ ಹೆಚ್ಚುಕಡಿಮೆ ಆದರೂ ತಪ್ಪು ಅಷ್ಟಾಗಿ ಬರುವುದಿಲ್ಲ. 1999ರ ಹೊಸ ಮಾನದಂಡ ವಿಷಯವನ್ನೇ ತಿರುಗಿಸಿ ಹಾಕಿತು: ಹಲವು ಬಾಯಿ ಬೇಡ, ಒಂದೇ ಬಾಯಿ ಇಡಿ, ಆದರೆ ಅಲ್ಲಿ ಗಾಳಿ ಬೆರೆತಿದೆ ಎಂದು ಮೊದಲು ಸಾಬೀತು ಮಾಡಿ. ಚಿಮಣಿಯ ಅಡ್ಡಸೀಳಿನ ನಡುವಿನ ಮೂರರಲ್ಲೆರಡು ಭಾಗದಲ್ಲಿ ಹಲವು ಬಿಂದುಗಳಲ್ಲಿ ಅಳೆದು, ವೇಗ, ಪರೀಕ್ಷೆಗೆ ಬಿಟ್ಟ ಅನಿಲ, 10 ಮೈಕ್ರೋಮೀಟರಿನ ಕಣ ಈ ಮೂರರ ಏರುಪೇರು ಸರಾಸರಿಯ ಶೇಕಡಾ 20ರೊಳಗೆ ಇರಬೇಕು. ಬಾಯಿಯ ಎದುರು ಬಂದ ಆ ಗಾತ್ರದ ಕಣಗಳಲ್ಲಿ ಕನಿಷ್ಠ ಅರ್ಧವಾದರೂ ಕಾಗದದವರೆಗೆ ತಲುಪಬೇಕು. ನಮ್ಮ ಎರಡನೇ ವರ್ಷದ ಸ್ಟ್ಯಾಟಿಸ್ಟಿಕ್ಸಿನಲ್ಲಿ ಕೊಎಫಿಶಿಯಂಟ್ ಆಫ್ ವೇರಿಯೇಶನ್ ಎಂದು ಕಲಿತು ಪರೀಕ್ಷೆ ಮುಗಿದ ದಿನ ಮರೆತದ್ದು ಇದೇ. ಕ್ರಿಕೆಟ್ ಆಟಗಾರರ ರನ್ನು ಬಿಟ್ಟರೆ ಇದಕ್ಕೆ ಬೇರೆ ಉಪಯೋಗವಿದೆ ಎಂದು ನನಗೆ ಗೊತ್ತಿರಲಿಲ್ಲ.

ಕಾಗದ ಎಣಿಸುವಾಗಲೂ ಒಂದು ಸೋಜಿಗ ಇದೆ. ಬಿಚ್ಚಿದ ತಕ್ಷಣ ಎಣಿಸಿದರೆ ವಿಕಿರಣ ಜಾಸ್ತಿ ತೋರಿಸುತ್ತದೆ, ಆದರೆ ಅದರಲ್ಲಿ ಹೆಚ್ಚಿನದು ನೆಲದಿಂದ ಏಳುವ ರೇಡಾನ್ ಎಂಬ ನೈಸರ್ಗಿಕ ಅನಿಲದ ಸಂತಾನ. ಕೆಲವು ದಿನ ಹಾಗೇ ಇಟ್ಟು ಅವು ಸತ್ತ ಮೇಲೆ ಉಳಿದದ್ದನ್ನು ಎಣಿಸಬೇಕು. ಇನ್ನೊಬ್ಬರ ಹಣ ನಮ್ಮ ಗಲ್ಲಾದಲ್ಲಿ ಕೂತಿದ್ದರೆ ಅದನ್ನು ತೆಗೆದಿಟ್ಟು ಎಣಿಸಿದ ಹಾಗೆ.

ಯಾವ ಚಿಮಣಿಗೆ ಇಷ್ಟೆಲ್ಲ ಉಪಚಾರ? ಎಲ್ಲಕ್ಕೂ ಅಲ್ಲ. ಒಂದು ಚಿಮಣಿಯಿಂದಲೇ ಮಿತಿಯ ನೂರರಲ್ಲೊಂದು ಭಾಗ, ಅಂದರೆ 0.1 ಮಿಲಿರೆಮ್ ದಾಟುವ ಸಂಭವ ಇದ್ದರೆ ಅದನ್ನು ನಿರಂತರ ಅಳೆಯಬೇಕು. ಉಳಿದ ಸಣ್ಣವನ್ನು ಆಗಾಗ್ಗೆ ನೋಡಿಕೊಂಡರೆ ಸಾಕು. ಆ ಸಂಭವವನ್ನು ಲೆಕ್ಕ ಹಾಕುವಾಗ ಫಿಲ್ಟರುಗಳು ಇಲ್ಲವೇ ಇಲ್ಲ ಎಂದು ಭಾವಿಸಬೇಕು! ನಿಯಮದಲ್ಲಿ ನನಗೆ ಬಹಳ ಮೆಚ್ಚಿಗೆಯಾದ ಭಾಗ ಇದು. ಕಾವಲುಗಾರ ನಿದ್ದೆ ಹೋಗಿದ್ದಾನೆ ಎಂದು ತಿಳಿದು ತಿಜೋರಿಗೆ ಎಷ್ಟು ಬೀಗ ಬೇಕು ಎಂದು ನಿರ್ಧರಿಸುವುದು.

ಚಿಮಣಿಯಿಂದ ಮನುಷ್ಯನವರೆಗಿನ ದಾರಿಗೆ ಕ್ಯಾಪ್-88 ಎಂಬ ಕಂಪ್ಯೂಟರ್ ಲೆಕ್ಕ ಇದೆ. ಗಾಳಿ ವರ್ಷದಲ್ಲಿ ಯಾವ ದಿಕ್ಕಿಗೆ ಎಷ್ಟು ಹೊತ್ತು, ಎಷ್ಟು ಜೋರಾಗಿ ಬೀಸಿತು, ಚಿಮಣಿ ಎಷ್ಟು ಎತ್ತರ, ಹತ್ತಿರದ ಮನೆ, ಶಾಲೆ ಅಥವಾ ಕಚೇರಿ ಎಷ್ಟು ದೂರ ಎಂದು ಕೊಟ್ಟರೆ, ಉಸಿರಿನಿಂದ, ಊಟದಿಂದ, ಸುತ್ತಲಿನ ಗಾಳಿಯಿಂದ, ನೆಲದಿಂದ ಎಷ್ಟೆಷ್ಟು ಎಂದು ಕೂಡಿಸಿ ಹೇಳುತ್ತದೆ. ಅದು ನೆಲ ಸಮತಟ್ಟು ಎಂದು ಭಾವಿಸಿಕೊಳ್ಳುತ್ತದೆ. ಘಟ್ಟದವನಾದ ನನಗೆ ಇದನ್ನು ಓದಿ ನಗು ಬಂತು, ಮುಂಜಾನೆ ಕಾಳಿ ಕಣಿವೆಯಲ್ಲಿ ಮಂಜು ಹೇಗೆ ಕೂತಿರುತ್ತದೆ ಎಂದು ಕಂಡವರಿಗೆ ಬರಲೇಬೇಕು. ಪ್ರತಿವರ್ಷ ಜೂನ್ 30ರೊಳಗೆ ಹಿಂದಿನ ವರ್ಷದ ವರದಿ ಒಪ್ಪಿಸಬೇಕು. ಜವಾಬ್ದಾರ ಅಧಿಕಾರಿ, ನಾನೇ ಇದನ್ನು ಪರಿಶೀಲಿಸಿದ್ದೇನೆ, ಸುಳ್ಳಾದರೆ ಶಿಕ್ಷೆ ಉಂಟೆಂದು ಬಲ್ಲೆ ಎಂಬರ್ಥದಲ್ಲಿ ಸಹಿ ಹಾಕಬೇಕು. ಮೇಷ್ಟ್ರು ಕೇಳಿದ್ದು ಈ ಸಹಿಯನ್ನೇ.

ಈಗ ಆ ಜಗಳಕ್ಕೆ ಬರೋಣ. ನ್ಯೂ ಮೆಕ್ಸಿಕೋ ರಾಜ್ಯದ ಲಾಸ್ ಅಲಮೋಸ್, 1943ರಲ್ಲಿ ಓಪನ್‌ಹೈಮರ್ ನೇತೃತ್ವದಲ್ಲಿ ಬಾಂಬು ಮಾಡಲು ಶುರುವಾದ ಲ್ಯಾಬೊರೇಟರಿ. 1989ರ ನಿಯಮ ಬಂದ ಮೇಲೆ ಪರಿಸರ ಏಜೆನ್ಸಿ 1991ರಲ್ಲಿ ಒಮ್ಮೆ, 1992ರಲ್ಲಿ ಇನ್ನೊಮ್ಮೆ, ನೀವು ನಿಯಮದ ಪ್ರಕಾರ ಅಳೆಯುತ್ತಿಲ್ಲ ಎಂದು ನೋಟೀಸು ಕೊಟ್ಟಿತು. ಇಲಾಖೆ ಇಲಾಖೆಗೆ ನೋಟೀಸು ಕೊಟ್ಟರೆ ಏನಾಗುತ್ತದೆ ಎಂದು ನಮಗೆಲ್ಲ ಗೊತ್ತು. 1994ರಲ್ಲಿ ಪಕ್ಕದ ಸಾಂಟಾ ಫೆ ಊರಿನ ಒಂದು ನಾಗರಿಕರ ಸಂಘಟನೆ ಇಂಧನ ಇಲಾಖೆಯ ಮೇಲೆ ದಾವಾ ಹಾಕಿತು. ಶುದ್ಧ ಗಾಳಿ ಕಾಯಿದೆಯಲ್ಲಿ ಸಾಮಾನ್ಯ ನಾಗರಿಕರೂ ದಾವಾ ಹಾಕಬಹುದು ಎಂದು ಇದೆ. 1996ರಲ್ಲಿ ಫೆಡರಲ್ ನ್ಯಾಯಾಧೀಶರು ತೀರ್ಪು ಕೊಟ್ಟರು: ನಿರಂತರ ಅಳೆಯಬೇಕಾದ 33 ದೊಡ್ಡ ಚಿಮಣಿಗಳಲ್ಲಿ 31 ನಿಯಮಕ್ಕೆ ಸರಿಯಾಗಿಲ್ಲ.

ಮೂವತ್ತಮೂರರಲ್ಲಿ ಮೂವತ್ತೊಂದು! ನಾನು ಮೊದಲ ಸಲ ಓದಿದಾಗ, ಅಷ್ಟೊಂದು ವಿಷ ಬಿಟ್ಟರೇ ಎಂದುಕೊಂಡೆ. ಎರಡನೇ ಸಲ ನಿಧಾನವಾಗಿ ಓದಿದಾಗ ತಿಳಿಯಿತು, ತೀರ್ಪು ಹೇಳಿದ್ದು ಬಿಟ್ಟದ್ದರ ಬಗ್ಗೆ ಅಲ್ಲವೇ ಅಲ್ಲ, ಅಳೆದದ್ದರ ಬಗ್ಗೆ. ಸ್ಯಾಂಪಲ್ ತೆಗೆಯುವ ರೀತಿ, ಅದರ ಗುಣಮಟ್ಟದ ತಪಾಸಣೆ ನಿಯಮದ ಹಾಗೆ ಇರಲಿಲ್ಲ. ನಮ್ಮ ಭಾಷೆಯಲ್ಲಿ ಹೇಳಿದರೆ, ಹಣ ನುಂಗಿದ್ದಾರೆ ಎಂದು ಯಾರೂ ಹೇಳಲಿಲ್ಲ, ವೌಚರು ಸರಿಯಿಲ್ಲ ಎಂದರು. ಲಾಭವಾಗಿದೆ ಎಂದು ಮಾಲೀಕ ಎಷ್ಟು ಪ್ರಾಮಾಣಿಕವಾಗಿ ಹೇಳಿದರೂ ವೌಚರಿಲ್ಲದ ಅಡಾವೆ ಪತ್ರಿಕೆಗೆ ಆಡಿಟರು ಸಹಿ ಹಾಕುವ ಹಾಗಿಲ್ಲ.

1997ರ ಜನವರಿಯಲ್ಲಿ ಎರಡೂ ಕಡೆ ರಾಜಿಯಾಯಿತು. ರಾಜಿಯ ಷರತ್ತಿನಲ್ಲಿ ಮುಖ್ಯವಾದದ್ದು ಸ್ವತಂತ್ರ ಆಡಿಟ್, ಲ್ಯಾಬೊರೇಟರಿಯವರೂ ಅಲ್ಲದ, ದಾವಾ ಹಾಕಿದವರೂ ಅಲ್ಲದ ಹೊರಗಿನ ತಂತ್ರಜ್ಞರಿಂದ. ಜಾನ್ ಟಿಲ್ ಎಂಬ ವಿಜ್ಞಾನಿಯ ತಂಡ ಅದನ್ನು ಮಾಡಿತು. ಆ ತಂಡದ ಮೇಲೂ ಒಂದು ಕಣ್ಣಿರಲಿ ಎಂದು ನಾಗರಿಕರ ಪರವಾಗಿ ಅರ್ಜುನ್ ಮಖಿಜಾನಿಯವರ ಸಂಸ್ಥೆಯವರು ಕೂತರು. ಮಖಿಜಾನಿ ಇಂಜಿನಿಯರಿಂಗ್ ಪದವಿ ಪಡೆದದ್ದು ನಮ್ಮ ಇದೇ ಬಾಂಬೆ ಯೂನಿವರ್ಸಿಟಿಯಿಂದ, ಇದನ್ನು ಓದಿ ನನಗೆ ಸುಮ್ಮನೆ ಒಂದು ಖುಷಿ. ಮೊದಲ ಆಡಿಟ್ 1996ರ ವರ್ಷದ್ದು. ಅದರ ತೀರ್ಮಾನ ಎರಡು ಮಾತಿನದು: ಹೊರಗಿನವರಿಗೆ ತಗಲಿದ್ದು 10 ಮಿಲಿರೆಮ್ ಮೀರಿಲ್ಲ, ಆದರೂ ನಿಯಮ ಪೂರ್ತಿ ಪಾಲನೆಯಾಗಿಲ್ಲ. ಆಮೇಲಿನ ಆಡಿಟ್‌ಗಳಲ್ಲಿ ಪರಿಸ್ಥಿತಿ ಸುಧಾರಿಸಿತು.

ಈ ಎರಡು ಮಾತನ್ನು ಒಟ್ಟಿಗೆ ಹಿಡಿಯುವುದು ನನಗೆ ಕಷ್ಟವಾಯಿತು. ಮಿತಿ ಮೀರಿಲ್ಲವಲ್ಲ, ಮತ್ತೇನು ತಕರಾರು ಎಂದು ಸೈನ್ಸ್ ಗೆಳೆಯ ಕೇಳಿದ. ನಾವಿಬ್ಬರೂ ಕ್ಯಾಂಟೀನಿನಲ್ಲಿ ಅರ್ಧ ಗಂಟೆ ಜಗಳವಾಡಿದೆವು. ಅವನದು, ಜನರಿಗೆ ಹಾನಿ ಆಯಿತೇ ಇಲ್ಲವೇ ಅಷ್ಟೇ ಮುಖ್ಯ, ಉಳಿದದ್ದು ಕಾಗದದ ಕೆಲಸ ಎಂದು. ನನಗೆ ಗ್ರೀನ್ ರನ್ ನೆನಪಾಯಿತು. ಹಾನಿ ಆಯಿತೇ ಇಲ್ಲವೇ ಎಂದು ಆ ರೈತರು ಕೇಳಬೇಕಾದರೆ ಮೊದಲು ಏನು ಬಿಟ್ಟರು ಎಂದು ಗೊತ್ತಾಗಬೇಕಿತ್ತು. ಕಣ್ಣಿಗೆ ಕಾಣದ, ಮೂಗಿಗೆ ಬಡಿಯದ, ಬೇಲಿಯಾಚೆ ನಿಂತು ಅಳೆಯಲೂ ಆಗದ ವಸ್ತುವಿನ ವಿಷಯದಲ್ಲಿ ಹೊರಗಿನವನ ಕೈಯಲ್ಲಿ ಇರುವುದು ಆ ಕಾಗದ ಒಂದೇ. ಗೆಳೆಯ ಒಪ್ಪಲಿಲ್ಲ, ಚಹಾದ ದುಡ್ಡು ಮಾತ್ರ ಕೊಟ್ಟ.

ಇನ್ನು ನಮ್ಮ ಕಡೆ. ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕ. ಮೊದಲೆರಡು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆಗೆ ಬಂದವು. ಭಾರಜಲ ಬಳಸುವ ರಿಯಾಕ್ಟರುಗಳಾದ್ದರಿಂದ ಚಿಮಣಿಯಲ್ಲಿ ಮುಖ್ಯವಾಗಿ ನೋಡಬೇಕಾದವುಗಳಲ್ಲಿ ಟ್ರಿಟಿಯಮ್ ಒಂದು. ನಮ್ಮಲ್ಲಿ ಮಿತಿ ಹಾಕುವುದು 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ಸ್ಥಾವರದ ಹೊರಗಿನ ವ್ಯಕ್ತಿಗೆ ವರ್ಷಕ್ಕೆ 1 ಮಿಲಿಸೀವರ್ಟ್. ಇದು ಅಮೇರಿಕದ ಹತ್ತು ಪಟ್ಟು ಎಂದು ತಕ್ಷಣ ಕೂಗಬೇಡಿ, ನಾನು ಮೊದಲು ಹಾಗೇ ಕೂಗಿ ನಾಚಿಕೆಪಟ್ಟೆ. ಅಲ್ಲಿಯದು ಗಾಳಿಯ ಖಾತೆ ಒಂದೇ, ಅದೂ ಇಂಧನ ಇಲಾಖೆಯ ಸಂಸ್ಥೆಗಳಿಗೆ. ಇಲ್ಲಿಯದು ಗಾಳಿ, ನೀರು ಎಲ್ಲಾ ಖಾತೆ ಕೂಡಿದ ಮೊತ್ತ. ಮಂಡಳಿಯ ವಾರ್ಷಿಕ ವರದಿಗಳಲ್ಲಿ ಎಲ್ಲಾ ಸ್ಥಾವರಗಳ ಸುತ್ತಲಿನ ಅಂದಾಜು ಪ್ರಮಾಣದ ಚಿತ್ರಪಟ ಇರುತ್ತದೆ. ನಾನು ನೋಡಿದ ಪಟಗಳಲ್ಲಿ ಕೈಗಾದ ಕಂಬ ಮಿತಿಯ ಎದುರು ಬಹಳ ಗಿಡ್ಡ. ಸುತ್ತಲಿನ ನೀರು, ಹಾಲು, ಮೀನು, ತರಕಾರಿ ಪರೀಕ್ಷಿಸುವ ಪರಿಸರ ಪ್ರಯೋಗಶಾಲೆಯೂ ಅಲ್ಲಿ ಇದೆ, ಅದನ್ನು ನಡೆಸುವುದು ಟ್ರಾಂಬೆಯ ಭಾಭಾ ಕೇಂದ್ರ. ಹೀಗಾಗಿ ಚರ್ಚಾಕೂಟದಲ್ಲಿ ನಾನಂದದ್ದು ಸುಳ್ಳು ಎಂದು ನನಗೆ ಈಗಲೂ ಅನಿಸುವುದಿಲ್ಲ.

ಆದರೆ 2012ರಲ್ಲಿ ನಮ್ಮ ದೇಶದ ಮಹಾಲೇಖಪಾಲರು, ಅಂದರೆ ಸಿ.ಎ.ಜಿ., ಈ ಮಂಡಳಿಯ ಕೆಲಸದ ಮೇಲೆ ಒಂದು ಆಡಿಟ್ ವರದಿ ಕೊಟ್ಟರು. ಮಂಡಳಿ ಸರಕಾರದ ಅಧೀನ ಸಂಸ್ಥೆಯಾಗಿಯೇ ಉಳಿದಿದೆ, ನಿಯಮ ಮಾಡುವ ಅಧಿಕಾರ ಅದಕ್ಕಿಲ್ಲ, ಕೆಲಸಗಾರರ ವಿಕಿರಣ ರಕ್ಷಣೆಯನ್ನು ಸ್ವತಂತ್ರವಾಗಿ ಅಳೆದು ನೋಡುವುದರಲ್ಲಿ ಅದಕ್ಕೆ ನೇರ ಪಾತ್ರ ಇಲ್ಲ ಎಂದು ಅದರಲ್ಲಿ ಬರೆದರು. ಅಳೆಯುವವನೂ ತಪಾಸಣೆ ಮಾಡುವವನೂ ಒಂದೇ ಮನೆಯವರಾದರೆ ಏನಾಗುತ್ತದೆ ಎಂಬುದು ನಮಗೆ ಮೊದಲ ವರ್ಷದ ಪಾಠ. ಕಳ್ಳತನವೇ ಆಗಬೇಕಿಲ್ಲ, ಪೈಪಿನ ಬಗ್ಗಿನಲ್ಲಿ ಕಣ ಅಂಟಿದರೆ ಅದನ್ನು ಕೇಳುವವರು ಇರುವುದಿಲ್ಲ, ಅಷ್ಟೆ.

ಮೇಷ್ಟ್ರಿಗೆ ಇದನ್ನೆಲ್ಲ ಒಂದು ಸಂಜೆ ಹೇಳಿದೆ. ಪೂರ್ತಿ ಕೇಳಿ, "ಸರಿ, ಈಗ ನಿನ್ನ ಪ್ರಶ್ನೆ ಏನು ಬರಕೋ" ಅಂದರು. ಬರೆದುಕೊಂಡೆ. ಕೈಗಾದ ಚಿಮಣಿಯಲ್ಲಿ ಸ್ಯಾಂಪಲ್ ಕೊಳವೆಯ ಬಾಯಿ ಎಷ್ಟು ಎತ್ತರದಲ್ಲಿದೆ, ಅದಕ್ಕೂ ಅದರ ಕೆಳಗಿನ ಕಡೇ ತಿರುವಿಗೂ ಎಷ್ಟು ಅಂತರ, ಗಾಳಿ ಅಲ್ಲಿ ಬೆರೆತಿದೆಯೇ ಎಂದು ಯಾವ ವರ್ಷ ಪರೀಕ್ಷೆ ಮಾಡಿದರು, ಬಾಯಿಯಿಂದ ಫಿಲ್ಟರಿನವರೆಗೆ ಪೈಪು ಎಷ್ಟು ಉದ್ದ, ಎಷ್ಟು ಬಗ್ಗು, ದಾರಿಯ ನಷ್ಟಕ್ಕೆ ಲೆಕ್ಕದಲ್ಲಿ ಎಷ್ಟು ಸೇರಿಸುತ್ತಾರೆ, ಕಣಿವೆಯ ಗಾಳಿಗೆ ಯಾವ ಲೆಕ್ಕ ಬಳಸುತ್ತಾರೆ, ಕೊನೆಗೆ ಸಹಿ ಹಾಕುವವರು ಯಾರು. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. ಇಂಗ್ಲಿಷಿನಲ್ಲಿ ಬರೆದದ್ದನ್ನು ತಿದ್ದಿಕೊಟ್ಟವನು ಅದೇ ಸೈನ್ಸ್ ಗೆಳೆಯ. ಮೊನ್ನೆ ಸೋಮವಾರ ರಿಜಿಸ್ಟರ್ ಅಂಚೆಯಲ್ಲಿ ಹಾಕಿದ್ದೇನೆ. ಉತ್ತರ ಬಂದರೆ ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ, ಬಾರದಿದ್ದರೆ ಅದನ್ನೂ ಬರೆಯುತ್ತೇನೆ.